ಹೆರಿಗೆಗೆ ಎಲ್ಲಿಗೆ: ರಾಮನಗುಳಿ ಮತ್ತು ಕಾರವಾರ–ಅಂಕೋಲಾ ಸೀಮೆ

ಹೆರಿಗೆ ಎಲ್ಲಾಗಬೇಕು ಎಂಬ ತೀರ್ಮಾನವನ್ನು ದಕ್ಷಿಣ ಏಷ್ಯಾದ ಬಹುಪಾಲು ಮನೆಗಳಲ್ಲಿ ಬಸುರಿ ಒಬ್ಬಳೇ ಮಾಡುವುದಿಲ್ಲ. ತವರು, ಗಂಡನ ಮನೆ, ಕೈಯಲ್ಲಿರುವ ದುಡ್ಡು, ಊರಿನ ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ನೋವು ಬಂದ ಹೊತ್ತಿಗೆ ಸಿಕ್ಕುವ ವಾಹನ ಎಲ್ಲದಕ್ಕೂ ಅದರಲ್ಲಿ ಪಾಲಿದೆ. ಆರೋಗ್ಯ ಇಲಾಖೆಯ ಕಡತದಲ್ಲಿ ಇದು ‘ಸಾಂಸ್ಥಿಕ ಹೆರಿಗೆ’, ‘ಮನೆ ಹೆರಿಗೆ’ ಎಂಬ ಎರಡೇ ಕಲಮುಗಳಲ್ಲಿ ಮುಗಿದುಹೋಗುತ್ತದೆ. ಉತ್ತರ ಕನ್ನಡದ ಒಂದು ಕಣಿವೆಯನ್ನು ಹಿಡಿದು ನೋಡಿದರೆ ಆ ಎರಡು ಕಲಮುಗಳ ನಡುವೆ ಎಷ್ಟು ಸಂಗತಿ ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ.

ರಾಮನಗುಳಿ ಅಂಕೋಲಾ ತಾಲ್ಲೂಕಿನ ಒಳನಾಡಿನ ಊರು. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ನಡುದಾರಿಯಲ್ಲಿ, ಗಂಗಾವಳಿ ನದಿಯ ಬದಿಗೆ ಇದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎನ್ನುತ್ತಿದ್ದ ಈ ರಸ್ತೆಗೆ ಈಗ 52ರ ಸಂಖ್ಯೆ. ಮೇಲಕ್ಕೆ ಹೋದರೆ ಅರಬೈಲ್ ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. ಕೆಳಗೆ ಇಳಿದರೆ ಅಂಕೋಲೆ, ಅಲ್ಲಿಂದ ಬಲಕ್ಕೆ ಕಾರವಾರ, ಎಡಕ್ಕೆ ಕುಮಟೆ. ಹೆದ್ದಾರಿಯ ಮೇಲಿನ ಊರಿಗೆ ಬಸ್ಸುಂಟು, ಜೀಪುಂಟು. ತೊಂದರೆ ಇರುವುದು ನದಿಯ ಆಚೆ ದಡದ ಹಳ್ಳಿಗಳಿಗೆ, ಕಾಡಿನೊಳಗೆ ಚದುರಿದ ಕೇರಿ, ಕೊಪ್ಪ, ಒಂಟಿಮನೆಗಳಿಗೆ. ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಅರಣ್ಯ. ಹಾಲಕ್ಕಿ ಒಕ್ಕಲಿಗರು, ಸಿದ್ದಿಯರು, ಕರೆ ಒಕ್ಕಲಿಗರು, ಹವ್ಯಕರು ಹೀಗೆ ಹಲವು ಸಮುದಾಯಗಳು ಬೆರೆತಿರುವ ಸೀಮೆ ಇದು. ಒಂದೊಂದು ಮನೆಗೂ ಆಸ್ಪತ್ರೆಯ ದಾರಿ ಒಂದೊಂದು ಬಗೆ.

ತವರಿನ ಹಕ್ಕು

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಕನ್ನಡ ನಾಡಿನ ಹೆಚ್ಚಿನ ಜಾತಿಗಳಲ್ಲಿ ಇಂದಿಗೂ ನಡೆದು ಬಂದಿರುವ ಕಟ್ಟಳೆ. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಸೀಮಂತವೋ ಹೂ ಮುಡಿಸುವ ಶಾಸ್ತ್ರವೋ ಆದ ಮೇಲೆ ಮಗಳನ್ನು ತವರಿನವರು ಕರೆದೊಯ್ಯುತ್ತಾರೆ. ಹೆರಿಗೆಯ ಖರ್ಚು, ಬಾಣಂತನದ ಆರೈಕೆ, ತೊಟ್ಟಿಲು ಎಲ್ಲವೂ ಅವರ ಪಾಲಿಗೆ. ಮೂರು ಅಥವಾ ಐದು ತಿಂಗಳ ಬಳಿಕ ಮಗುವಿನೊಡನೆ ಗಂಡನ ಮನೆಗೆ ಮರಳುವುದು ವಾಡಿಕೆ. ಎರಡನೆಯ ಹೆರಿಗೆಗೆ ಗಂಡನ ಮನೆಯವರೇ ಹೊಣೆ ಎನ್ನುವವರೂ ಇದ್ದಾರೆ, ಅದಕ್ಕೂ ಅವ್ವನ ಮನೆಗೇ ಹೋಗುವವರೂ ಇದ್ದಾರೆ.

ಉತ್ತರ ಭಾರತದ ಚಿತ್ರ ಬೇರೆ. ಉತ್ತರ ಪ್ರದೇಶದ ಬಿಜನೂರು ಜಿಲ್ಲೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಪೆಟ್ರೀಷಿಯಾ ಜೆಫ್ರಿ ಮತ್ತು ರೋಜರ್ ಜೆಫ್ರಿ ಬರೆದಿರುವಂತೆ ಅಲ್ಲಿ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕು, ಅತ್ತೆಯ ಮಾತೇ ನಡೆಯಬೇಕು. ತವರಿನಲ್ಲಿ ಹೆರುವುದು ಅಲ್ಲಿ ನಾಚಿಕೆಯ ಸಂಗತಿ. ದಕ್ಷಿಣದ ಕಟ್ಟಳೆ ಹೆಣ್ಣಿಗೆ ಕೊಡುವ ದೊಡ್ಡ ಅನುಕೂಲ ಇಲ್ಲೇ ಇದೆ. ನೋವು ಬಂದಾಗ ‘ಇನ್ನು ತಡೆಯಲಾರೆ, ಆಸ್ಪತ್ರೆಗೆ ನಡೆಯಿರಿ’ ಎಂದು ಹೆತ್ತ ತಾಯಿಯ ಮುಂದೆ ಹೇಳುವುದು, ಅತ್ತೆಯ ಮುಂದೆ ಹೇಳುವುದಕ್ಕಿಂತ ಸುಲಭ. ದಕ್ಷಿಣ ರಾಜ್ಯಗಳಲ್ಲಿ ಆಸ್ಪತ್ರೆ ಹೆರಿಗೆ ಮೊದಲೇ ಬೇರೂರಿದ್ದಕ್ಕೆ ರಸ್ತೆ, ಶಾಲೆ, ದಾದಿಯರ ಸಂಖ್ಯೆಯ ಜೊತೆಗೆ ಈ ಕಟ್ಟಳೆಯನ್ನೂ ಕಾರಣವಾಗಿ ಎಣಿಸಬೇಕು.

ಆದರೆ ಇದೇ ಕಟ್ಟಳೆ ಸ್ಥಳದ ಆಯ್ಕೆಯನ್ನು ಬಸಿರಿಗೂ ಮೊದಲೇ ಮುಗಿಸಿಬಿಡುತ್ತದೆ. ಕಾರವಾರದ ಹುಡುಗಿ ರಾಮನಗುಳಿಯ ಕಡೆಗೆ ಮದುವೆಯಾಗಿ ಬಂದಿದ್ದರೆ ಅವಳ ಚೊಚ್ಚಲ ಹೆರಿಗೆ ಜಿಲ್ಲಾ ಕೇಂದ್ರದಲ್ಲಿ. ನದಿಯಾಚೆಯ ಹಳ್ಳಿಯ ಹುಡುಗಿ ಕಾರವಾರಕ್ಕೆ ಸೊಸೆಯಾಗಿ ಹೋಗಿದ್ದರೆ, ಆಸ್ಪತ್ರೆಯ ಪಕ್ಕದ ಮನೆ ಬಿಟ್ಟು, ಕೊನೆಯ ತಿಂಗಳುಗಳಿಗೆ ಸರಿಯಾಗಿ, ದಾರಿ ಕಷ್ಟವಿರುವ ಊರಿಗೆ ಬರುತ್ತಾಳೆ. ಬಸಿರಿನ ಕಡೆಯ ದಿನಗಳು ಆಷಾಢ, ಶ್ರಾವಣಕ್ಕೆ ಬಿದ್ದರೆ ಇದು ಬರಿಯ ಅನಾನುಕೂಲವಾಗಿ ಉಳಿಯುವುದಿಲ್ಲ.

ಕಾಗದಪತ್ರದ ತಾಪತ್ರಯವೂ ಇದರಿಂದಲೇ ಹುಟ್ಟುತ್ತದೆ. ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯುವುದು ಗಂಡನ ಊರಿನ ಉಪಕೇಂದ್ರದಲ್ಲಿ, ಹೆರುವುದು ತವರಿನ ತಾಲ್ಲೂಕಿನಲ್ಲಿ. ರಕ್ತದೊತ್ತಡ, ಹಿಮೋಗ್ಲೋಬಿನ್, ಸ್ಕ್ಯಾನಿಂಗ್ ಎಲ್ಲವೂ ಆ ಕಾರ್ಡಿನಲ್ಲಿರಬೇಕು. ಕಾರ್ಡು ಮರೆತು ಬಂದ ಬಸುರಿ ಹೆರಿಗೆ ಕೋಣೆಯ ನರ್ಸಿಗೆ ಹೊಸಬಳು. ಆಶಾ ಕಾರ್ಯಕರ್ತೆಯ ಪಟ್ಟಿಯಿಂದಲೂ ಹೀಗೆ ಊರು ಬದಲಿಸಿದವರ ಹೆಸರು ಜಾರಿಹೋಗುವುದುಂಟು. ಅವಳು ಇಲ್ಲಿ ‘ತವರಿಗೆ ಹೋದವಳು’, ಅಲ್ಲಿ ‘ನಮ್ಮ ನೋಂದಣಿಯಲ್ಲ’.

ಸೂಲಗಿತ್ತಿಯಿಂದ ಆಸ್ಪತ್ರೆಗೆ

ಹಿಂದಿನ ತಲೆಮಾರಿನವರೆಗೆ ಪ್ರಶ್ನೆಯೇ ಇರಲಿಲ್ಲ. ಮನೆಯ ಒಂದು ಮೂಲೆ, ಬಿಸಿನೀರು, ಊರಿನ ಸೂಲಗಿತ್ತಿ. ಇವರಲ್ಲಿ ಹೆಚ್ಚಿನವರು ಹೆಸರಿಲ್ಲದೆ ಹೋದರು. ನಾಡು ಗುರುತಿಸಿದ್ದು ಒಬ್ಬರನ್ನು: ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದ ಅವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಕೈಗುಣಕ್ಕೆ ಪ್ರಶಸ್ತಿ ಬಂದ ಹೊತ್ತಿಗೆ ಆ ಕಸುಬು ಸರ್ಕಾರದ ನೀತಿಯಿಂದ ಹೊರಬಿದ್ದು ಹತ್ತು ವರ್ಷಕ್ಕೂ ಮೇಲಾಗಿತ್ತು. 1970ರ ದಶಕದಿಂದ ದಾಯಿಯರಿಗೆ ತರಬೇತಿ ಕೊಟ್ಟು, ಶುಚಿಯ ಕಿಟ್ ಹಂಚುತ್ತಿದ್ದ ಸರ್ಕಾರ, 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲಕ್ಕೆ ಎಲ್ಲ ಹೆರಿಗೆಯೂ ಆಸ್ಪತ್ರೆಯಲ್ಲೇ ಆಗಬೇಕು ಎಂಬ ನಿಲುವಿಗೆ ಬಂದಿತ್ತು.

ಆ ನಿಲುವಿಗೆ ವೈದ್ಯಕೀಯ ಕಾರಣ ಗಟ್ಟಿಯಾದದ್ದು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ತಾಯಿ ಸಾಯಬಹುದು. ಯಾರಿಗೆ ಹೀಗಾಗುತ್ತದೆ ಎಂಬುದನ್ನು ಮೊದಲೇ ಖಚಿತವಾಗಿ ಹೇಳಲಾಗದು. ಎಂಥ ಅನುಭವಸ್ಥ ಸೂಲಗಿತ್ತಿಯ ಕೈಯಲ್ಲೂ ರಕ್ತದ ಬಾಟಲಿ ಇರುವುದಿಲ್ಲ. ಆದ್ದರಿಂದ ಮನೆ ಹೆರಿಗೆಯನ್ನು ಹಳೆಯ ಸೊಗಸೆಂದು ಈಗ ಹೊಗಳುವವರ ಮಾತನ್ನು ಈ ಕಣಿವೆಯ ಮಟ್ಟಿಗಂತೂ ಒಪ್ಪಲಾಗದು. ಹೆರಿಗೆ ಸುಸೂತ್ರವಾದ ಹೆಂಗಸರು ಅದರ ಕಥೆ ಹೇಳಿಕೊಳ್ಳಲು ಉಳಿದಿದ್ದಾರೆ. ಉಳಿಯದೆ ಹೋದವರ ಮಾತು ಕೇಳಲು ಸಿಗುವುದಿಲ್ಲ. ಹಾಗೆಂದು ಸೂಲಗಿತ್ತಿಯ ಜೊತೆಗೆ ಹೋದದ್ದೆಲ್ಲ ಮೂಢನಂಬಿಕೆಯೇ ಎಂದೂ ಅಲ್ಲ. ಬೆನ್ನು ನೀವುತ್ತ ರಾತ್ರಿಯಿಡೀ ಪಕ್ಕದಲ್ಲಿ ಕುಳಿತಿರುತ್ತಿದ್ದ ಪರಿಚಿತ ಹೆಂಗಸು, ಕುಳಿತೋ ಹಗ್ಗ ಹಿಡಿದೋ ಹೆರುವ ಸ್ವಾತಂತ್ರ್ಯ, ಸದರದ ಮಾತು, ಇವನ್ನು ಹೆರಿಗೆ ವಾರ್ಡು ಕೊಡಲಿಲ್ಲ. ತಮಿಳುನಾಡಿನ ಹೆರಿಗೆಗಳ ಬಗ್ಗೆ 2003ರಲ್ಲಿ ಪುಸ್ತಕ ಪ್ರಕಟಿಸಿದ ಮಾನವಶಾಸ್ತ್ರಜ್ಞೆ ಸಿಸಿಲಿಯಾ ವ್ಯಾನ್ ಹೋಲನ್ ಇದನ್ನೇ ವಿವರವಾಗಿ ದಾಖಲಿಸಿದರು. ಬಡ ಹೆಂಗಸರು ಆಸ್ಪತ್ರೆಯ ಔಷಧಿಯನ್ನು ಬೇಡವೆನ್ನುವುದಿಲ್ಲ, ಅಲ್ಲಿ ತಮ್ಮನ್ನು ನಡೆಸಿಕೊಳ್ಳುವ ರೀತಿಗೆ ಅಂಜುತ್ತಾರೆ.

ಸರ್ಕಾರದ ಯೋಜನೆಗಳ ಸರಣಿ ಉದ್ದವಾಗಿದೆ. ಏಪ್ರಿಲ್ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿನ ಹಾಗೂ ಪರಿಶಿಷ್ಟ ಜಾತಿ, ಪಂಗಡಗಳ ತಾಯಂದಿರಿಗೆ ಆಸ್ಪತ್ರೆಯಲ್ಲಿ ಹೆತ್ತರೆ ಹಳ್ಳಿಯಲ್ಲಿ 700 ರೂಪಾಯಿ, ಪಟ್ಟಣದಲ್ಲಿ 600. 2007ರಲ್ಲಿ ರಾಜ್ಯ ಸರ್ಕಾರ ಮಡಿಲು ಕಿಟ್ ಹಂಚಲು ಶುರುಮಾಡಿತು. ಸೊಳ್ಳೆಪರದೆ, ಬಟ್ಟೆ, ಸಾಬೂನು ತುಂಬಿದ ಆ ಚೀಲ ಕೈಗೆ ಬರುವ ವಸ್ತುವಾದ್ದರಿಂದ ಹಣಕ್ಕಿಂತ ಹೆಚ್ಚು ಜನಪ್ರಿಯವಾಯಿತು. 2008ರ ನವೆಂಬರ್ 1ರಿಂದ 108ರ ಆಂಬುಲೆನ್ಸ್. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಎಲ್ಲವೂ ಉಚಿತವೆಂಬ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಆಮೇಲೆ ತಾಯಿ ಮಗುವನ್ನು ಮನೆಗೆ ತಲುಪಿಸುವ ‘ನಗು-ಮಗು’ ವಾಹನ. 2017ರ ಗಾಂಧಿ ಜಯಂತಿಯಿಂದ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಕೊಡುವ ಮಾತೃಪೂರ್ಣ. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ಘಟ್ಟದ ಹಳ್ಳಿಗಳಿಗೆ ಆಂಬುಲೆನ್ಸಿನಷ್ಟು ಬೆಲೆಯುಳ್ಳದ್ದು ಬೇರೆ ಇಲ್ಲ. ಏಳುನೂರು ರೂಪಾಯಿಗೆ ಯಾರೂ ಮನಸ್ಸು ಬದಲಿಸಿದಂತೆ ಕಾಣುವುದಿಲ್ಲ.

ಫಲ ಅಂಕಿಗಳಲ್ಲಿ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಯ ಪ್ರಮಾಣ 2005–06ರಲ್ಲಿ ಶೇ. 65ರ ಆಸುಪಾಸಿನಲ್ಲಿತ್ತು, 2015–16ರಲ್ಲಿ ಶೇ. 94ಕ್ಕೆ, ಐದನೆಯ ಸಮೀಕ್ಷೆಯಲ್ಲಿ ಶೇ. 97ಕ್ಕೆ ಏರಿತು. ಇಡೀ ದೇಶದ ಲೆಕ್ಕ ಇದೇ ಅವಧಿಯಲ್ಲಿ ಶೇ. 39ರಿಂದ ಶೇ. 89ಕ್ಕೆ ಬಂತು. ಲಕ್ಷ ಜನನಕ್ಕೆ ಸಾಯುವ ತಾಯಂದಿರ ಸಂಖ್ಯೆ ಕರ್ನಾಟಕದಲ್ಲಿ 2001–03ರಲ್ಲಿ 228 ಇದ್ದದ್ದು 2019–21ರಲ್ಲಿ 63. ಆದರೂ ಆಗ ದಕ್ಷಿಣದ ನೆರೆಯವರಲ್ಲಿ ನಾವೇ ಹಿಂದಿದ್ದೆವು; ಕೇರಳದ ಸಂಖ್ಯೆ ಇಪ್ಪತ್ತರ ಹತ್ತಿರವಿತ್ತು.

ಯಾವ ಆಸ್ಪತ್ರೆ

ನೂರರಲ್ಲಿ ತೊಂಬತ್ತೇಳು ಮಂದಿ ಆಸ್ಪತ್ರೆಗೆ ಹೋಗುವಾಗ, ಮನೆಯೋ ಆಸ್ಪತ್ರೆಯೋ ಎಂಬ ಹಳೆಯ ಪ್ರಶ್ನೆ ಮುಗಿದಂತೆ. ಈಗಿನ ಪ್ರಶ್ನೆ ಯಾವ ಆಸ್ಪತ್ರೆ ಎಂಬುದು. ರಾಮನಗುಳಿಯಂಥ ಊರಿನಿಂದ ಹೊರಟವರ ಮುಂದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಕೋಲೆಯ ತಾಲ್ಲೂಕು ಆಸ್ಪತ್ರೆ, ಪಟ್ಟಣದ ಖಾಸಗಿ ನರ್ಸಿಂಗ್ ಹೋಂ, ಕಾರವಾರದ ಜಿಲ್ಲಾ ಆಸ್ಪತ್ರೆ, ಅದಕ್ಕೂ ಮೀರಿದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾ. ಇವು ಒಂದರ ಮೇಲೊಂದು ಮೆಟ್ಟಿಲಾಗಿ ಕೆಲಸ ಮಾಡಬೇಕು ಎಂಬುದು ಇಲಾಖೆಯ ಲೆಕ್ಕ. ಜನ ಮಾತ್ರ ಕೆಳಗಿನ ಮೆಟ್ಟಿಲನ್ನು ದಾಟಿಯೇ ಹೋಗುತ್ತಾರೆ. ‘ಅಲ್ಲಿ ಹೋದರೆ ಮತ್ತೆ ಮುಂದಕ್ಕೆ ಕಳಿಸುತ್ತಾರೆ’ ಎಂಬುದೇ ಅದಕ್ಕೆ ಅವರು ಕೊಡುವ ಕಾರಣ.

ಈ ಮಾತಿನಲ್ಲಿ ಹುರುಳಿದೆ. ಸಿಸೇರಿಯನ್ ಮಾಡಲು ಹೆರಿಗೆ ತಜ್ಞ, ಅರಿವಳಿಕೆ ತಜ್ಞ, ಮಕ್ಕಳ ತಜ್ಞ ಮೂವರೂ ಒಂದೇ ಹೊತ್ತಿಗೆ ಇರಬೇಕು, ರಕ್ತವೂ ಇರಬೇಕು. ಮೂವರಲ್ಲಿ ಒಬ್ಬರು ರಜೆ ಹಾಕಿದರೂ, ವರ್ಗವಾದರೂ, ಉಳಿದ ಇಬ್ಬರು ಇದ್ದೂ ಇಲ್ಲದಂತೆ. ರಾತ್ರಿ ಎರಡು ಗಂಟೆಗೆ ಬಂದ ಕೇಸನ್ನು ರೆಫರ್ ಮಾಡುವುದು ಆಗ ಡಾಕ್ಟರಿಗೂ ಅನಿವಾರ್ಯ. ಹೀಗೆ ಎರಡು ಬಾಗಿಲು ತಟ್ಟಿ ಮೂರನೆಯದಕ್ಕೆ ತಲುಪಿದ ಹೆರಿಗೆಯೂ ಇಲಾಖೆಯ ಲೆಕ್ಕದಲ್ಲಿ ಸಾಂಸ್ಥಿಕ ಹೆರಿಗೆಯೇ. ತಾಯಿಯ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ವಿವರಿಸಿದ್ದರು: ಹೊರಡಲು ತೀರ್ಮಾನಿಸುವಲ್ಲಿ, ದಾರಿಯಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಅಂಕೋಲಾ ಸೀಮೆಯಲ್ಲಿ ಮೊದಲನೆಯದು ಬಹುಮಟ್ಟಿಗೆ ಕರಗಿದೆ. ಎರಡನೆಯದೂ ಮೂರನೆಯದೂ ಉಳಿದಿವೆ.

ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯನ್ನು ಜೊತೆಗಿಟ್ಟುಕೊಂಡು 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾಯಿತು. ಜನರ ಬಾಯಲ್ಲಿ ಅದು ‘ಕ್ರಿಮ್ಸ್’. ಆದರೂ ಗಂಡಾಂತರದ ಕೇಸು ಎಂದಾಗ ಜಿಲ್ಲೆಯ ಕಣ್ಣು ಹೊರಗೇ ತಿರುಗುತ್ತದೆ. ಅಂಕೋಲೆಯಿಂದ ಮಣಿಪಾಲ ನೂರೈವತ್ತು ಕಿಲೋಮೀಟರಿಗೂ ದೂರ. ಗೋವಾ ಹತ್ತಿರ, ಕೊಂಕಣಿ ಮಾತಾಡುವ ಕಾರವಾರದವರಿಗೆ ನೆಂಟಸ್ತಿಕೆಯ ನೆಲ. ಆದರೆ ಅಲ್ಲಿನ ಸರ್ಕಾರ 2018ರಿಂದ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ಶುಲ್ಕ ಹಾಕತೊಡಗಿತು. 2020ರ ಕೊರೊನಾ ಲಾಕ್‌ಡೌನಿನಲ್ಲಿ ಆ ಗಡಿಯೇ ಮುಚ್ಚಿತು. ಕಾಸರಗೋಡಿನ ಕನ್ನಡಿಗರಿಗೂ ಆಗ ಇದೇ ಪಾಡು; ತಲಪಾಡಿಯಲ್ಲಿ ದಾರಿ ಅಡ್ಡಗಟ್ಟಿದಾಗ, ತಲೆಮಾರುಗಳಿಂದ ಮಂಗಳೂರಿಗೆ ಹೋಗಿ ಹೆರುತ್ತಿದ್ದವರು ಒಂದೇ ವಾರದಲ್ಲಿ ಬೇರೆ ದಿಕ್ಕು ನೋಡಬೇಕಾಯಿತು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿದ ಮೇಲೆ ಆ ಕೂಗು ಬೀದಿಗಿಳಿಯಿತು.

ಖಾಸಗಿ ಆಸ್ಪತ್ರೆಯ ಕಡೆ ವಾಲುವುದಕ್ಕೆ ಹಣವಿರುವುದೊಂದೇ ಕಾರಣವಲ್ಲ. ಒಂಬತ್ತು ತಿಂಗಳೂ ಒಬ್ಬರೇ ಲೇಡಿ ಡಾಕ್ಟರು ನೋಡುತ್ತಾರೆ, ಹೆರಿಗೆಗೂ ಅವರೇ ಬರುತ್ತಾರೆ ಎಂಬ ಭರವಸೆ ದೊಡ್ಡದು. ತಾಯಿಯೋ ಅಕ್ಕನೋ ಪಕ್ಕದಲ್ಲಿರಬಹುದು, ಮನೆಯಿಂದ ಬಿಸಿ ಊಟ ತರಬಹುದು. ಸಾಲ ಮಾಡಿಯಾದರೂ ಮಗಳನ್ನು ‘ಪ್ರೈವೇಟಿಗೆ’ ಸೇರಿಸಿದೆವು ಎನ್ನುವುದು ತವರಿನವರಿಗೆ ಮರ್ಯಾದೆಯ ಮಾತೂ ಹೌದು. ಅದರ ಜೊತೆಗೆ ಬರುವುದು ಕತ್ತರಿ. ಐದನೆಯ ಸಮೀಕ್ಷೆಯಲ್ಲಿ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47ರಷ್ಟು ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14. ಕರ್ನಾಟಕದ ಒಟ್ಟು ಪ್ರಮಾಣ ನಾಲ್ಕನೆಯ ಸಮೀಕ್ಷೆಯ ಶೇ. 23.6ರಿಂದ ಶೇ. 31.5ಕ್ಕೆ ಜಿಗಿದಿದೆ. ಒಳ್ಳೆಯ ನಕ್ಷತ್ರ, ಮುಹೂರ್ತ ನೋಡಿಸಿಕೊಂಡು ಆಪರೇಷನ್ನಿಗೆ ಹೊತ್ತು ಗೊತ್ತುಮಾಡುವ ಮನೆಗಳನ್ನು ಲೆಕ್ಕಕ್ಕೆ ಹಿಡಿದರೂ ಇಷ್ಟೊಂದು ಏರಿಕೆಗೆ ಸಮರ್ಥನೆ ಸಿಗುವುದಿಲ್ಲ. ಮೊದಲ ಹೆರಿಗೆ ಆಪರೇಷನ್ ಆದವಳಿಗೆ ಎರಡನೆಯದಕ್ಕೆ ಆಯ್ಕೆ ಇನ್ನೂ ಕಿರಿದು. ಹಳೆಯ ಹೊಲಿಗೆಯಿದೆ ಎಂದು ತಾಲ್ಲೂಕು ಮಟ್ಟದಲ್ಲಿ ಮುಟ್ಟಲು ಹಿಂಜರಿಯುತ್ತಾರೆ, ಅವಳು ದೂರದ ಆಸ್ಪತ್ರೆಗೇ ಹೋಗಬೇಕು.

ಸರ್ಕಾರಿ ಆಸ್ಪತ್ರೆಯ ಮೇಲಿನ ನಂಬಿಕೆಗೆ 2024ರ ನವೆಂಬರ್‌ನಲ್ಲಿ ದೊಡ್ಡ ಪೆಟ್ಟು ಬಿತ್ತು. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಹನಿಸಿದ ಐವಿ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಬಳ್ಳಾರಿ ದೂರದ ಊರಾದರೂ ಇಂಥ ಸುದ್ದಿ ಯಾವ ಹಳ್ಳಿಗೂ ದೂರವಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯ ಲೆಕ್ಕವೇ ಬೇರೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿ ದಡದ ಹಳ್ಳಿಗಳನ್ನು ಮುಳುಗಿಸಿತು, ದಡ ಬೆಸೆದಿದ್ದ ಸೇತುವೆಗಳು ಕೊಚ್ಚಿಹೋದವು. 2021ರಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆ ಕುಸಿಯಿತು, ಅರಬೈಲ್ ಘಟ್ಟದಲ್ಲಿ ಗುಡ್ಡ ಜಾರಿ ಹುಬ್ಬಳ್ಳಿಯ ದಾರಿ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ನ್ನು ಮುಚ್ಚಿದಾಗ ಕುಮಟೆ, ಮಣಿಪಾಲದ ದಾರಿ ದಿನಗಟ್ಟಲೆ ಕಡಿದುಹೋಯಿತು. ಇಂಥ ದಿನಗಳಲ್ಲಿ ಹೆರಿಗೆಯ ಸ್ಥಳವನ್ನು ತೆರೆದಿರುವ ದಾರಿಯೇ ಗೊತ್ತುಮಾಡುತ್ತದೆ. ಆಂಬುಲೆನ್ಸ್ ಬರಲಾಗದ ಕಡೆಯಿಂದ ಕಂಬಳಿಯ ಜೋಲಿ ಕಟ್ಟಿ, ಎರಡು ಹೆಗಲ ಮೇಲೆ ಬಿದಿರು ಹೊತ್ತು ರಸ್ತೆಯವರೆಗೆ ತರುವ ಚಿತ್ರಗಳು ಜಿಲ್ಲೆಯ ಪತ್ರಿಕೆಗಳಲ್ಲಿ ಮಳೆಗಾಲಕ್ಕೊಮ್ಮೆ ಬರುತ್ತವೆ. ಮೊಬೈಲ್ ಸಿಗ್ನಲ್ ಸಿಗುವ ದಿಬ್ಬದವರೆಗೆ ಒಬ್ಬರು ಓಡಿಹೋಗಿ 108ಕ್ಕೆ ಕರೆ ಮಾಡಬೇಕಾದ ಕೇರಿಗಳೂ ಇವೆ.

ಹೀಗಾಗಿ ಮುಂದಾಲೋಚನೆಯಿರುವ ಮನೆಗಳವರು ದಿನ ತುಂಬುವ ಮೊದಲೇ ಬಸುರಿಯನ್ನು ಪಟ್ಟಣದ ನೆಂಟರಲ್ಲಿ ಇರಿಸುತ್ತಾರೆ. ಪಟ್ಟಣದಲ್ಲಿ ನೆಂಟರಿರುವುದೂ ಒಂದು ಆಸ್ತಿ. ಹವ್ಯಕರ ಮನೆಗೆ ಅದು ಸುಲಭ, ಕಾಡಂಚಿನ ಹಾಲಕ್ಕಿ ಅಥವಾ ಸಿದ್ದಿ ಮನೆಗೆ ಕಷ್ಟ.

ನೆರೆಹೊರೆಯ ದೇಶಗಳು

ಶ್ರೀಲಂಕಾದಲ್ಲಿ ಮನೆ ಹೆರಿಗೆ ಈಗ ಇಲ್ಲವೆನ್ನುವಷ್ಟು ಕಡಿಮೆ. ಕೊಲಂಬೊದ ಡಿ ಸೊಯ್ಸಾ ಹೆರಿಗೆ ಆಸ್ಪತ್ರೆ ತೆರೆದದ್ದು 1879ರಲ್ಲಿ. ಹಳ್ಳಿಗೊಬ್ಬಳು ತರಬೇತಾದ ಸರ್ಕಾರಿ ಸೂಲಗಿತ್ತಿ ಮನೆಮನೆಗೆ ಹೋಗುವ ಏರ್ಪಾಡು ಅಲ್ಲಿ ಹಳೆಯದು, ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಪರಿಚಿತ ಮುಖ ಜೊತೆಗಿತ್ತು. ಬಾಂಗ್ಲಾದೇಶದ 2022ರ ಸಮೀಕ್ಷೆಯಲ್ಲಿ ಶೇ. 65 ಹೆರಿಗೆ ಆಸ್ಪತ್ರೆಯಲ್ಲಿ, ಆದರೆ ಒಟ್ಟು ಹೆರಿಗೆಗಳಲ್ಲಿ ಶೇ. 45 ಸಿಸೇರಿಯನ್, ಮನೆಯಿಂದ ನೇರ ಖಾಸಗಿ ಆಪರೇಷನ್ ಕೋಣೆಗೆ ಹಾರಿದ ದೇಶ ಅದು. ನೇಪಾಳದಿಂದ ಕಲಿಯುವುದು ಹೆಚ್ಚು ಇದೆ. ಅಲ್ಲಿ 2005ರಲ್ಲಿ ಶುರುವಾದ ಪ್ರೋತ್ಸಾಹಧನವನ್ನು ನೆಲದ ಸ್ವರೂಪ ನೋಡಿ ಗೊತ್ತುಮಾಡಿದರು: ತೆರಾಯ್ ಬಯಲಿಗೆ 500 ನೇಪಾಳಿ ರೂಪಾಯಿ, ಗುಡ್ಡಗಾಡಿಗೆ 1,000, ಎತ್ತರದ ಪರ್ವತಕ್ಕೆ 1,500. ನಮ್ಮ 700 ರೂಪಾಯಿ ಮಂಡ್ಯದ ಬಯಲಿಗೂ ಗಂಗಾವಳಿಯ ಕಣಿವೆಗೂ ಒಂದೇ.

ಹೊರದೇಶದ ಕನ್ನಡ ಕುಟುಂಬಗಳಲ್ಲಿ ತವರಿನ ಕಟ್ಟಳೆ ತಿರುವುಮುರುವಾಗಿದೆ. ಮಗಳು ತವರಿಗೆ ಬರುವ ಬದಲು ತಾಯಿ ಸಂದರ್ಶಕರ ವೀಸಾ ಮೇಲೆ ಬಾಣಂತನಕ್ಕೆ ಹೋಗುತ್ತಾಳೆ, ಶುಂಠಿ, ಮೆಂತ್ಯ, ಬಾಣಂತಿ ಪುಡಿಯ ಸಮೇತ. ಬ್ರಿಟನ್ನಿನಲ್ಲಿ ಮನೆ, ಸೂಲಗಿತ್ತಿಯರ ಕೇಂದ್ರ, ಆಸ್ಪತ್ರೆಯ ವಾರ್ಡು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. 2011ರಲ್ಲಿ ಇಂಗ್ಲೆಂಡಿನ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನ, ತೊಡಕಿಲ್ಲದ ಎರಡನೆಯ ಹೆರಿಗೆಗೆ ಮನೆಯೂ ಸುರಕ್ಷಿತ, ಚೊಚ್ಚಲಿಗೆ ಮಗುವಿನ ಅಪಾಯ ತುಸು ಹೆಚ್ಚು ಎಂದಿತು. ಅಲ್ಲಿ ಮನೆಯ ಬಾಗಿಲಿಗೆ ತರಬೇತಾದ ಇಬ್ಬರು ಸೂಲಗಿತ್ತಿಯರು ಬರುತ್ತಾರೆ, ಹತ್ತಿರದಲ್ಲೇ ಆಂಬುಲೆನ್ಸ್ ಇರುತ್ತದೆ ಎಂಬುದನ್ನು ಬಿಟ್ಟು ಆ ತೀರ್ಮಾನವನ್ನು ಇಲ್ಲಿಗೆ ತರಬಾರದು. ಭಾರತ ಸರ್ಕಾರವೂ 2018ರ ಡಿಸೆಂಬರ್‌ನಲ್ಲಿ ನರ್ಸುಗಳಿಗೆ ಸೂಲಗಿತ್ತಿ ತರಬೇತಿ ಕೊಟ್ಟು, ಸರಳ ಹೆರಿಗೆಗಳನ್ನು ಅವರಿಗೇ ಒಪ್ಪಿಸುವ ಮಾರ್ಗಸೂಚಿ ಹೊರಡಿಸಿತು.

ದಿನ ತುಂಬುವ ಮೊದಲೇ ಆಸ್ಪತ್ರೆಯ ಹತ್ತಿರ ಬಂದು ತಂಗುವ ಮನೆಗಳನ್ನು ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಮಾಹೇರ್ ಘರ್, ಅಂದರೆ ತವರುಮನೆ, ಎಂಬ ಹೆಸರಿನಿಂದ ನಡೆಸುತ್ತಾರೆ. ಒಡಿಶಾದಲ್ಲಿ ಅವು ಮಾ ಗೃಹ. ಬಸುರಿಯ ಜೊತೆಗೆ ಮನೆಯ ಒಬ್ಬರು ಇರಬಹುದು, ಊಟ ಉಚಿತ, ನೋವು ಬಂದರೆ ಹೆರಿಗೆ ಕೋಣೆ ಕೂಗಳತೆಯಲ್ಲಿ. ನದಿಯಾಚೆಯ ಹಳ್ಳಿಗಳ ಮಟ್ಟಿಗೆ ನೋಡಿದರೆ, ಅಂಕೋಲೆಯ ತಾಲ್ಲೂಕು ಆಸ್ಪತ್ರೆಯ ಮಗ್ಗುಲಲ್ಲಿ ಮಳೆಗಾಲದ ನಾಲ್ಕು ತಿಂಗಳು ಇಂಥದೊಂದು ಮನೆ, ಒಳಗೆ ಮೂವರು ತಜ್ಞರು ಹಗಲಿರುಳು ಲಭ್ಯ, ಇವೆರಡೂ ಇದ್ದರೆ ದೂರದ ಸೂಪರ್ ಸ್ಪೆಷಾಲಿಟಿ ಕಟ್ಟಡಕ್ಕಿಂತ ಹೆಚ್ಚು ತಾಯಂದಿರಿಗೆ ಉಪಯೋಗ. ಜಿಲ್ಲಾ ಪಂಚಾಯಿತಿಯೂ ಆರೋಗ್ಯ ಇಲಾಖೆಯೂ ಮೊದಲು ಕೈಹಾಕಬೇಕಾದ ಕೆಲಸ ಅದು.